ಹವೆಯ ಸುದ್ದಿಯೂ ಗಾಳಿಸುದ್ದಿಯೂ

ರಾತ್ರಿಯ ಪ್ರದೇಶ ಸಮಾಚಾರ ಮುಗಿದು ಹವಾ ವರ್ತಮಾನವನ್ನೂ ಓದಿ ಆದ ಮೇಲೆ ಅನೇಕ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು. ನಿಮ್ಮ ಮನೆಯಲ್ಲಿಯೂ ಎದ್ದಿರಬಹುದು. ಗರಿಷ್ಠ ಉಷ್ಣಾಂಶವು ವಾಡಿಕೆಗಿಂತ ಮೂರು ಡಿಗ್ರಿ ಹೆಚ್ಚಾಗಿತ್ತೆಂದು ವಾರ್ತಾವಾಚಕರು ಹೇಳಿದ್ದೇ ತಡ, ಒಬ್ಬರು "ಇದೆಲ್ಲ ಹಿಂದೆಯೂ ಇತ್ತು, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವಂತೆ" ಎನ್ನುತ್ತಾರೆ. ಇನ್ನೊಬ್ಬರು "ಕಾಲ ಕೆಟ್ಟಿತು, ಇನ್ನು ಯಾರು ಏನು ಮಾಡಿದರೂ ಅಷ್ಟೆ" ಎಂದು ನಿಟ್ಟುಸಿರು ಬಿಡುತ್ತಾರೆ. ಕೇಳುವುದಕ್ಕೆ ಈ ಎರಡು ಮಾತುಗಳೂ ಒಂದಕ್ಕೊಂದು ತೀರ ವಿರುದ್ಧವಾದವು. ಒಂದು, ರೋಗವೇ ಇಲ್ಲವೆನ್ನುತ್ತದೆ. ಮತ್ತೊಂದು, ರೋಗಿ ಆಗಲೇ ಸತ್ತನೆನ್ನುತ್ತದೆ. ಆದರೆ ಎರಡನ್ನು ನಂಬಿದವರೂ ವೈದ್ಯನನ್ನು ಕರೆಯಲು ಹೋಗುವುದಿಲ್ಲ.

ಈ ವಿಷಯವಾಗಿ ಬರೆಯಬೇಕೆಂದು ನನಗೆ ತೋರಿದುದು ಅಂಥದೇ ಒಂದು ರಾತ್ರಿ. ಹಾಸನದಲ್ಲಿ ನಮ್ಮ ಅಕ್ಕನ ಮನೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವಳ ಮಗಳು ದೊಡ್ಡವರ ವಾದವನ್ನೆಲ್ಲ ಕೇಳುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಮಾವ, ನಾನು ನಿಮ್ಮಷ್ಟು ದೊಡ್ಡವಳಾಗುವ ಹೊತ್ತಿಗೆ ಬದುಕುವುದಕ್ಕೆ ಏನಾದರೂ ಉಳಿದಿರುತ್ತದೆಯೆ?" ಎಂದಳು. ತಮಾಷೆಗೆ ಕೇಳಿದ್ದಲ್ಲ. ಅವಳೊಬ್ಬಳೇ ಕೇಳುತ್ತಿರುವುದೂ ಅಲ್ಲ. ೨೦೨೧ರಲ್ಲಿ ಭಾರತವೂ ಸೇರಿದಂತೆ ಹತ್ತು ದೇಶಗಳ ೧೦,೦೦೦ ಯುವಕಯುವತಿಯರನ್ನು ಪ್ರಶ್ನಿಸಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ನೂರಕ್ಕೆ ೭೫ ಮಂದಿ ಭವಿಷ್ಯವನ್ನು ನೆನೆದರೆ ಹೆದರಿಕೆಯಾಗುತ್ತದೆ ಎಂದಿದ್ದರು; ನೂರಕ್ಕೆ ೫೬ ಮಂದಿ ಮಾನವಕುಲಕ್ಕೆ ಉಳಿಗಾಲವಿಲ್ಲವೆಂದೇ ಹೇಳಿದ್ದರು. ಹೀಗೆ ಹೆದರಿದ ಮಗುವಿಗೆ ಸುಳ್ಳು ಸಮಾಧಾನವನ್ನು ಹೇಳದೆ, ಹೆದರಿಕೆಯನ್ನು ಇನ್ನಷ್ಟು ಬೆಳೆಸದೆ, ಏನು ಹೇಳಬೇಕು? ಪ್ರಶ್ನೆ ಸುಲಭವಲ್ಲ.

ಹೆದರಿಕೆಗೂ ಗಾಳಿಸುದ್ದಿಗೂ ಇರುವ ನಂಟು ಹಳೆಯದು. ೧೯೩೫ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನಿಮಗೆ ಗೊತ್ತಿರಬಹುದು. ಅದೇ ವರ್ಷ ಜಮುನಾ ಪ್ರಸಾದ್ ಎಂಬ ಇನ್ನೊಬ್ಬ ಭಾರತೀಯ ಮನಶ್ಶಾಸ್ತ್ರಜ್ಞರು ವದಂತಿಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭಾರಿ ಭೂಕಂಪವಾಯಿತಷ್ಟೆ. ನೆಲ ನಡುಗಿದ್ದರೂ ಮನೆಮಾರು ಉಳಿದುಕೊಂಡಿದ್ದ ಊರುಗಳಲ್ಲಿ ಆಮೇಲೆ ಎಂಥ ಸುದ್ದಿಗಳು ಹಬ್ಬಿದವೆಂಬುದನ್ನು ಅವರು ಸಂಗ್ರಹಿಸಿದ್ದರು. ಸಮಾಧಾನದ ಸುದ್ದಿಗಳು ಹಬ್ಬಲಿಲ್ಲ. ಗ್ರಹಣದ ದಿನ ಮತ್ತೊಂದು ಕಂಪ ಆಗಲಿದೆಯಂತೆ, ಇಂಥ ತಾರೀಖಿಗೆ ಪಾಟ್ನಾ ನಗರವೇ ಇಲ್ಲವಾಗುವುದಂತೆ—ಇಂಥವು! ಇದಕ್ಕೆ ಪ್ರತಿಯಾಗಿ, ೧೯೫೦ರಲ್ಲಿ ಡಾರ್ಜಿಲಿಂಗಿನಲ್ಲಿ ಗುಡ್ಡ ಕುಸಿದು ಹಾನಿಯನ್ನು ಕಣ್ಣಾರೆ ಕಂಡ ಜನರ ನಡುವೆ ಇಂಥ ಭವಿಷ್ಯವಾಣಿಗಳು ಕಾಣಲಿಲ್ಲವೆಂದು ಸಿನ್ಹಾ ಎಂಬವರು ವರದಿ ಮಾಡಿದರು. ಈ ಎರಡನ್ನೂ ಓದಿದ ಅಮೆರಿಕದ ಲಿಯಾನ್ ಫೆಸ್ಟಿಂಜರ್ ೧೯೫೭ರಲ್ಲಿ ಒಂದು ವಿವರಣೆ ಕೊಟ್ಟರು. ಬಿಹಾರದ ಆ ಜನಕ್ಕೆ ಭಯವಾಗಿದೆ. ಸುತ್ತ ನೋಡಿದರೆ ಭಯಪಡುವಂಥದು ಏನೂ ಇಲ್ಲ. ಆಗ ಮನಸ್ಸು ತನ್ನ ಭಯಕ್ಕೆ ತಕ್ಕ ಸುದ್ದಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಹವಾಗುಣದ ಮಾತಿನಲ್ಲಿ ನಮ್ಮ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ ಇದೆ. ಪಟ್ಟಣದಲ್ಲಿರುವ ನಮಗೆ ಕರಗುವ ಹಿಮ ಕಾಣುವುದಿಲ್ಲ, ಏರುವ ಕಡಲೂ ಕಾಣುವುದಿಲ್ಲ. ಭಯ ಮಾತ್ರ ದಿನವೂ ಕೈಯೊಳಗಿನ ಫೋನಿಗೆ ಬಂದು ಬೀಳುತ್ತದೆ. ಆ ಭಯಕ್ಕೆ ಮಾಡಲು ಏನಾದರೂ ಕೆಲಸ ಕೊಡದಿದ್ದರೆ ಅದು 'ಎಲ್ಲ ಸುಳ್ಳು' ಎಂಬ ಕಡೆಗಾದರೂ ಸರಿಯೆ, 'ಎಲ್ಲ ಮುಗಿಯಿತು' ಎಂಬ ಕಡೆಗಾದರೂ ಸರಿಯೆ, ವಾಲಿಬಿಡುತ್ತದೆ.

ಇದು ತಾನಾಗಿ ಹುಟ್ಟುವ ಗಾಳಿಸುದ್ದಿಯ ಮಾತಾಯಿತು. ಬೇಕೆಂದೇ ಹಬ್ಬಿಸಿದ ಸುಳ್ಳಿನ ಕಥೆ ಬೇರೆ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ವೈದ್ಯರು ತೋರಿಸಿಕೊಟ್ಟಾಗ ಅಮೆರಿಕದ ತಂಬಾಕಿನ ಕಂಪನಿಗಳು ೧೯೫೪ರ ಜನವರಿಯಲ್ಲಿ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪ್ರಕಟಣೆಯನ್ನು ಹಾಕಿಸಿದವು. ಅದರಲ್ಲಿ ಅವು 'ಸಿಗರೇಟು ಒಳ್ಳೆಯದು' ಎಂದು ವಾದಿಸಲು ಹೋಗಲಿಲ್ಲ; 'ಇನ್ನೂ ಖಚಿತವಾಗಿಲ್ಲ, ನಾವೂ ಸಂಶೋಧನೆ ಮಾಡಿಸುತ್ತೇವೆ' ಎಂದವು. ೧೯೬೯ರಲ್ಲಿ ಅಂಥ ಒಂದು ಕಂಪನಿಯ ಒಳಗಿನ ಟಿಪ್ಪಣಿಯಂತೂ, ಸಂದೇಹವೇ ನಮ್ಮ ಸರಕು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತ್ತು. ಅಡ್ಡಗೋಡೆಯ ಮೇಲೆ ದೀಪವಿಡುವುದೆಂದರೆ ಇದು. ಸುಳ್ಳನ್ನು ಸಾಬೀತು ಮಾಡುವ ಶ್ರಮವೂ ಇಲ್ಲ. ನಿಜವನ್ನು ಅರ್ಧ ಕತ್ತಲೆಯಲ್ಲಿಟ್ಟರೆ ಸಾಕು, ವ್ಯಾಪಾರ ನಡೆಯುತ್ತದೆ.

ಅದೇ ಉಪಾಯ ಪೆಟ್ರೋಲಿಯಮ್ಮಿನವರ ಕೈಗೂ ಬಂತು. ಎಕ್ಸಾನ್ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ೧೯೭೭ರಷ್ಟು ಹಿಂದೆಯೇ ತಮ್ಮ ಮೇಲಧಿಕಾರಿಗಳಿಗೆ ಇಂಧನ ಸುಡುವುದರಿಂದ ಭೂಮಿಯ ಉಷ್ಣತೆ ಏರುವುದೆಂದು ವಿವರಿಸಿದ್ದರು. ಆ ಕಂಪನಿಯ ವಿಜ್ಞಾನಿಗಳು ಮುಂದೆ ಹಾಕಿದ ಲೆಕ್ಕಗಳನ್ನು ನಡೆದ ಸಂಗತಿಯೊಡನೆ ಹೋಲಿಸಿ ೨೦೨೩ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಅವುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದುದು ಕಂಡುಬಂತು. ಒಳಗೆ ಲೆಕ್ಕ ಸರಿಯಾಗಿತ್ತು. ಹೊರಗೆ ಜಾಹೀರಾತುಗಳಲ್ಲಿ ಮಾತ್ರ ಸಂದೇಹ. ೧೯೯೮ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಆಶ್ರಯದಲ್ಲಿ ತಯಾರಾದ ಒಂದು ಕರಡು ಯೋಜನೆ ಪತ್ರಿಕೆಯವರ ಕೈಗೆ ಸಿಕ್ಕಿತು. ಹವಾಗುಣದ ವಿಜ್ಞಾನದಲ್ಲಿ ಅನಿಶ್ಚಯವಿದೆಯೆಂದು ಸಾಮಾನ್ಯ ಪ್ರಜೆಗೆ ಮನದಟ್ಟಾದಾಗ ತಮಗೆ ಜಯವಾದಂತೆ ಎಂಬರ್ಥದ ಮಾತು ಅದರಲ್ಲಿತ್ತು. ಆ ಸಾಮಾನ್ಯ ಪ್ರಜೆ ನಾನು, ನೀವು. ರಾತ್ರಿ ಊಟಕ್ಕೆ ಮುಂಚೆ "ಒಮ್ಮತವಿಲ್ಲವಂತೆ" ಎನ್ನುವವರು ಆ ಯೋಜನೆಯ ಹೆಸರನ್ನೇ ಕೇಳಿರಲಾರರು. ಮಾತು ಮಾತ್ರ ಸಮುದ್ರ ದಾಟಿ ಬಂದಿದೆ.

ನಿಜಕ್ಕೆ ಒಮ್ಮತವಿಲ್ಲವೆ? ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ ೧೮೫೬ರಲ್ಲಿ ಎರಡು ಗಾಜಿನ ಕೊಳವೆಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಬಿಸಿಲಿಗೆ ಹಿಡಿದರು. ಇಂಗಾಲಾಮ್ಲ ವಾಯು—ಈಗಿನ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುವುದು—ತುಂಬಿದ್ದ ಕೊಳವೆ ಹೆಚ್ಚು ಕಾಯಿತು, ತಣಿಯುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. ವಾತಾವರಣದಲ್ಲಿ ಆ ವಾಯು ಹೆಚ್ಚಿದ್ದರೆ ಭೂಮಿಯೂ ಹೆಚ್ಚು ಬೆಚ್ಚಗಿರುವುದೆಂದು ಆಕೆ ಆಗಲೇ ಬರೆದರು. ಮೂರು ವರ್ಷಗಳ ಮೇಲೆ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಇನ್ನೂ ನಿಖರವಾದ ಉಪಕರಣಗಳಿಂದ ಅಳೆದು ನೋಡಿದರು. ೧೮೯೬ರಲ್ಲಿ ಸ್ವೀಡನ್ನಿನ ಅರ್ರೇನಿಯಸ್ ಆ ವಾಯು ಇಮ್ಮಡಿಯಾದರೆ ಉಷ್ಣತೆ ಎಷ್ಟು ಏರೀತೆಂದು ಕೈಯಿಂದಲೇ ಲೆಕ್ಕ ಹಾಕಿದರು. ನಮ್ಮ ಅಜ್ಜನ ಅಜ್ಜನ ಕಾಲದಿಂದ ಇರುವ ವಿದ್ಯೆಯಿದು; ಮೊನ್ನೆ ಮೊನ್ನೆ ಹುಟ್ಟಿದ ಸಿದ್ಧಾಂತವಲ್ಲ.

ಅಳತೆಗಳೂ ಹಾಗೆಯೇ ಒಂದರ ಹಿಂದೆ ಒಂದು ಬಂದವು. ೧೯೫೮ರಿಂದ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಆರಂಭಿಸಿದ ಎಣಿಕೆಯಲ್ಲಿ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಆಗ ಸುಮಾರು ೩೧೫ ಭಾಗ ಇತ್ತು. ಈಗ ೪೨೦ನ್ನು ದಾಟಿದೆ. ಯಂತ್ರಯುಗಕ್ಕೆ ಮುಂಚೆ ೨೮೦ರ ಸುಮಾರಿನಲ್ಲಿತ್ತು. ಹೆಚ್ಚಿದ ಪಾಲು ನಮ್ಮದೇ ಎಂದು ಹೇಗೆ ಗೊತ್ತು? ಅದಕ್ಕೂ ಗುರುತಿದೆ. ಜೀವವಿರುವ ಗಿಡಮರಗಳಲ್ಲಿ ಇಂಗಾಲ-೧೪ ಎಂಬ ಒಂದು ಬಗೆ ಸ್ವಲ್ಪವಾದರೂ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲು ಎಣ್ಣೆಗಳಲ್ಲಿ ಅದು ಪೂರ್ತಿ ಕ್ಷಯಿಸಿಹೋಗಿರುತ್ತದೆ. ಗಾಳಿಯಲ್ಲಿ ಈ ಹಳೆಯ ಇಂಗಾಲ ಬೆರೆಯುತ್ತಿರುವುದನ್ನು ಹಾನ್ಸ್ ಸ್ಯೂಸ್ ೧೯೫೫ರಲ್ಲಿಯೇ ಪತ್ತೆ ಹಚ್ಚಿದರು. ಸೂರ್ಯನೇ ಹೆಚ್ಚು ಸುಡುತ್ತಿದ್ದಾನೆನ್ನುವವರಿಗೆ ಇನ್ನೊಂದು ಗುರುತು: ಹಾಗಿದ್ದ ಪಕ್ಷದಲ್ಲಿ ವಾತಾವರಣದ ಮೇಲಿನ ಸ್ತರವೂ ಕಾಯಬೇಕಿತ್ತು. ಅಳೆದರೆ ಕೆಳಗಿನ ಸ್ತರ ಕಾಯುತ್ತಿದೆ, ಮೇಲಿನದು ತಣ್ಣಗಾಗುತ್ತಿದೆ. ಹೊದ್ದ ಕಂಬಳಿ ದಪ್ಪವಾದರೆ ಆಗುವುದು ಹೀಗೆಯೇ.

"ಈ ಸಲ ಸಂಕ್ರಾಂತಿಯ ಚಳಿ ಹಲ್ಲು ಕಡಿಸಿತಲ್ಲ, ಎಲ್ಲಿ ನಿಮ್ಮ ಬಿಸಿ?" ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ವರ್ಷ ಮೃಗಶಿರೆ ಚೆನ್ನಾಗಿ ಸುರಿದರೆ ಅದು ಹವೆ. ಮೂವತ್ತು ವರ್ಷಗಳ ಮೃಗಶಿರೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಅದು ಹವಾಗುಣ. ರೇಡಿಯೋದಲ್ಲಿ ಕೇಳುವ 'ವಾಡಿಕೆ' ಎಂಬ ಪುಟ್ಟ ಪದದೊಳಗೆ ಆ ದೀರ್ಘ ಸರಾಸರಿಯೆಲ್ಲ ಅಡಗಿದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅಂದು ರಾತ್ರಿ ಸೋತೆ. ನಮ್ಮ ಭಾವನವರು ಫೋನಿನಲ್ಲಿ ಬಂದ ಒಂದು ಸಂದೇಶವನ್ನು ಓದಿದರು: ಒಂದು ಜ್ವಾಲಾಮುಖಿ ಕಾರುವ ಹೊಗೆಯ ಮುಂದೆ ಮನುಷ್ಯರು ನೂರು ವರ್ಷ ಸುಟ್ಟದ್ದೂ ಏನೂ ಅಲ್ಲವಂತೆ. ನಾನು ಉಪನ್ಯಾಸಕ್ಕೇ ತೊಡಗಿದೆ. ಜ್ವಾಲಾಮುಖಿ ಹಾಗಲ್ಲ, ಜ್ವಾಲಾಮುಖಿ ಹೀಗಲ್ಲ ಎಂದು ಹತ್ತು ಸಲ ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ಅಕ್ಕ, "ನಿನ್ನೆ ಅದೇನೋ ಜ್ವಾಲಾಮುಖಿ ಅಂದೆಯಲ್ಲ, ಅದರಿಂದಲೇನಪ್ಪ ಇದೆಲ್ಲ ಆಗುವುದು?" ಎಂದಳು!

ತಪ್ಪು ಅಕ್ಕನದಲ್ಲ, ನನ್ನದು. ಒಂದು ಮಾತನ್ನು ಎರಡು ಮೂರು ಸಲ ಕೇಳಿದರೆ ಅದು ನಿಜವೆಂದೇ ತೋರತೊಡಗುತ್ತದೆಂದು ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ೧೯೭೭ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಅಲ್ಲಗಳೆಯುವುದಕ್ಕೆಂದು ಹೇಳಿದರೂ ಸುಳ್ಳು ಸುಳ್ಳೇ. ಬಾಯಿಂದ ಬಾಯಿಗೆ ಹೋಗುವಾಗ 'ಅಲ್ಲ' ಎಂಬುದು ಉದುರಿಹೋಗಿ ಜ್ವಾಲಾಮುಖಿ ಮಾತ್ರ ಉಳಿಯುತ್ತದೆ. ಆದ್ದರಿಂದ ಇದನ್ನು ಅಭ್ಯಾಸ ಮಾಡಿದವರು ಹೇಳುವ ಕ್ರಮ ಬೇರೆ. ಮೊದಲು ನಿಜವನ್ನು ನೇರವಾಗಿ ಹೇಳಬೇಕು: ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್, ನಾವು ಬಿಡುವುದರಲ್ಲಿ ನೂರಕ್ಕೆ ಒಂದು ಪಾಲು ಕೂಡ ಆಗುವುದಿಲ್ಲ. ಆಮೇಲೆ, ಸುಳ್ಳಿನ ವಿಷಯವನ್ನು ಒಂದೇ ಒಂದು ಸಲ ಎತ್ತಿ ಅದರ ಕೈಚಳಕ ಎಲ್ಲಿದೆಯೆಂದು ತೋರಿಸಬೇಕು: ಕಣ್ಣಿಗೆ ಭಯಂಕರವಾಗಿ ಕಾಣುವ ಬೂದಿಯ ಮೋಡವನ್ನು ತೋರಿಸಿ, ಕಣ್ಣಿಗೆ ಕಾಣದ ವಾಯುವಿನ ಲೆಕ್ಕವನ್ನು ಮರೆಸುತ್ತಾರೆ. ಕೊನೆಗೆ ಮತ್ತೆ ನಿಜಕ್ಕೆ ಬಂದು ನಿಲ್ಲಬೇಕು. ಇನ್ನೂ ಒಳ್ಳೆಯದೆಂದರೆ ಸುಳ್ಳು ಬರುವುದಕ್ಕೆ ಮುಂಚೆಯೇ ಅದರ ಪರಿಯನ್ನು ತಿಳಿಸಿಡುವುದು. ಸಿಡುಬಿಗೆ ದಾಕು ಹಾಕಿಸುತ್ತಿದ್ದರಲ್ಲ, ಹಾಗೆ. ೧೯೬೦ರ ದಶಕದ ಆದಿಯಲ್ಲಿ ವಿಲಿಯಂ ಮೆಗ್ವೈರ್ ಎಂಬವರು ಸೂಚಿಸಿದ ಈ ಉಪಾಯವನ್ನು ಈಚೆಗೆ ಹವಾಗುಣದ ಸುಳ್ಳುಗಳ ಮೇಲೂ ಪ್ರಯೋಗಿಸಿ ಪ್ರಯೋಜನ ಕಂಡಿದ್ದಾರೆ. ತಜ್ಞರಲ್ಲದವರನ್ನು ತಜ್ಞರೆಂದು ಮುಂದೆ ನಿಲ್ಲಿಸುವುದು, ಉದ್ದನೆಯ ಲೆಕ್ಕದಿಂದ ತಮಗೆ ಬೇಕಾದ ನಾಲ್ಕು ವರ್ಷಗಳನ್ನಷ್ಟೇ ಆರಿಸಿಕೊಳ್ಳುವುದು, ಎಲ್ಲವೂ ಯಾರದೋ ಪಿತೂರಿಯೆನ್ನುವುದು—ಪರಿಗಳು ಹೆಚ್ಚೇನೂ ಇಲ್ಲ. ಒಮ್ಮೆ ಪರಿಚಯವಾದರೆ ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಇನ್ನೊಂದು ಕಡೆಯ ತಪ್ಪನ್ನೂ ಹೇಳಬೇಕು. ೨೦೦೭ರಲ್ಲಿ ವಿಶ್ವಸಂಸ್ಥೆಯ ಹವಾಗುಣ ಸಮಿತಿಯ ವರದಿಯಲ್ಲಿ, ಹಿಮಾಲಯದ ಹಿಮನದಿಗಳು ೨೦೩೫ರ ಹೊತ್ತಿಗೆ ಮಾಯವಾಗಬಹುದೆಂಬ ವಾಕ್ಯ ಸೇರಿಬಿಟ್ಟಿತ್ತು. ಸಾವಿರಾರು ಪುಟಗಳ ವರದಿಯಲ್ಲಿ ಒಂದು ಕಡೆ ನುಸುಳಿದ ತಪ್ಪು ಅದು. ನಮ್ಮ ದೇಶದ ಭೂವಿಜ್ಞಾನಿ ವಿ. ಕೆ. ರೈನಾ ಅವರ ಬರಹ ೨೦೦೯ರಲ್ಲಿ ಹೊರಬಂದಾಗ ಚರ್ಚೆ ಕಾವೇರಿತು. ಸಮಿತಿಯ ಆಗಿನ ಅಧ್ಯಕ್ಷರು ಮೊದಲು ಸಿಟ್ಟಾದರು. ಆದರೆ ೨೦೧೦ರ ಜನವರಿಯಲ್ಲಿ ಸಮಿತಿ ತಪ್ಪನ್ನು ಒಪ್ಪಿ ವಿಷಾದ ಸೂಚಿಸಿತು. ಹಿಮನದಿಗಳು ಕರಗುತ್ತಿರುವುದು ನಿಜ. ಅಷ್ಟು ಬೇಗ ಎನ್ನುವುದು ನಿಜವಲ್ಲ. ಒಳ್ಳೆಯ ಉದ್ದೇಶಕ್ಕೆಂದು ಹೇಳಿದ ಅತಿಶಯೋಕ್ತಿಯೂ ಸಂದೇಹದ ವ್ಯಾಪಾರಿಗೆ ಬಂಡವಾಳವಾಗುತ್ತದೆಂಬುದು ಆ ಕೆಲವು ತಿಂಗಳುಗಳಲ್ಲಿ ಚೆನ್ನಾಗಿ ಕಂಡಿತು. 'ಕಾಲ ಮೀರಿತು' ಎನ್ನುವವರೂ ಇದನ್ನು ಯೋಚಿಸಬೇಕು. ಇಂಗಾಲದ ಡೈಆಕ್ಸೈಡ್ ಸೇರಿಸುವುದನ್ನು ನಾವು ಪೂರ್ತಿ ನಿಲ್ಲಿಸಿದರೆ, ಏರಿದ ಉಷ್ಣತೆ ಬೇಗ ಇಳಿಯದಿದ್ದರೂ ಮುಂದೆ ಏರುವುದು ಬಹುಮಟ್ಟಿಗೆ ನಿಲ್ಲುತ್ತದೆಂದು ಈಗಿನ ವಿಜ್ಞಾನ ಹೇಳುತ್ತದೆ. ಹಾಗಾದರೆ ಒಂದೊಂದು ಡಿಗ್ರಿಯ ಹತ್ತರಲ್ಲಿ ಒಂದು ಪಾಲಿಗೂ ಬೆಲೆಯಿದೆ.

ಹಾಗಾದರೆ ಭರವಸೆಯ ಮಾತು ಯಾವುದು? ನನಗೆ ತಿಳಿದಂತೆ ಅತ್ಯಂತ ದೃಢವಾದ ಉದಾಹರಣೆ ಒಡಿಶಾದ ಕರಾವಳಿಯಲ್ಲಿದೆ. ೧೯೯೯ರ ಅಕ್ಟೋಬರ್ ೨೯ರಂದು ಅಲ್ಲಿ ಪಾರಾದೀಪದ ಬಳಿ ಮಹಾ ಚಂಡಮಾರುತವೊಂದು ನೆಲಕ್ಕೆ ಹಾಯಿತು. ಹತ್ತು ಸಾವಿರದ ಸಮೀಪ ಜನ ಸತ್ತರು. ಬಿರುಗಾಳಿ ಬರುತ್ತಿದೆಯೆಂಬುದು ಹವಾಮಾನ ಇಲಾಖೆಗೆ ತಿಳಿದಿತ್ತು. ಆದರೆ ಸುದ್ದಿ ತಿಳಿದವನಿಗೂ ಎಲ್ಲಿಗೆ ಓಡಬೇಕೆಂದು ತಿಳಿದಿರಲಿಲ್ಲ. ಓಡಿ ಸೇರುವುದಕ್ಕೆ ಗಟ್ಟಿಯಾದ ಕಟ್ಟಡಗಳೇ ಬಹಳ ಕಡಮೆ. ಆ ದುರಂತದ ಬೆನ್ನಿಗೇ ರಾಜ್ಯ ಸರ್ಕಾರ ವಿಪತ್ತು ನಿರ್ವಹಣೆಗೆಂದು ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ನಿಂತ ನೂರಾರು ಆಶ್ರಯಗೃಹಗಳು ಎದ್ದವು. ಉಳಿದ ದಿನಗಳಲ್ಲಿ ಅವುಗಳಲ್ಲಿ ಎಷ್ಟೋ ಶಾಲೆಗಳು. ಯಾರು ಮುದುಕರನ್ನು ಎತ್ತಿಕೊಂಡು ಬರಬೇಕು, ಯಾರು ಧ್ವನಿವರ್ಧಕ ಹಿಡಿದು ಬೀದಿ ಸುತ್ತಬೇಕು ಎಂದು ಊರಿನವರೇ ಅಭ್ಯಾಸ ಮಾಡಿದರು. ೨೦೧೩ರ ಅಕ್ಟೋಬರ್ ೧೨ರಂದು ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮುಂಚಿತವಾಗಿ ಸಾಗಿಸಿದ್ದರು. ಒಡಿಶಾದಲ್ಲಿ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ೨೦೧೯ರ ಮೇ ೩ರಂದು ಪುರಿಯ ಬಳಿ ಬಂದ ಫನಿಗೆ ೧೨ ಲಕ್ಷ ಜನ ಮನೆ ಬಿಟ್ಟು ಆಶ್ರಯ ಸೇರಿದ್ದರು. ಆಗ ಸತ್ತವರು ೬೪ ಮಂದಿ.

ಅರುವತ್ತನಾಲ್ಕೂ ಕಡಮೆಯೇನಲ್ಲ. ಆ ಮನೆಗಳಿಗೆ ಹೋಗಿ ಇದು ಭರವಸೆಯ ಕಥೆಯೆಂದು ಹೇಳಲಾಗದು. ಅಲ್ಲದೆ, ಇಂಥ ಒಂದೊಂದು ಚಂಡಮಾರುತವೂ ಹವಾಗುಣದ ಬದಲಾವಣೆಯಿಂದಲೇ ಬಂತೆಂದರೆ ತಪ್ಪಾಗುತ್ತದೆ. ಕಡಲು ಬೆಚ್ಚಗಾದಂತೆ ತೀವ್ರವಾದವುಗಳ ಪಾಲು ಹೆಚ್ಚುತ್ತದೆನ್ನುವುದು ಸರಿ. ಗಮನಿಸಬೇಕಾದ ಅಂಶವೆಂದರೆ, ಗಾಳಿಯ ವೇಗ ಕಡಮೆಯಾದುದರಿಂದ ಜನ ಉಳಿಯಲಿಲ್ಲ. 'ಬಿರುಗಾಳಿ ಬರುತ್ತದೆ' ಎಂಬ ಸುದ್ದಿಯ ಜೊತೆಯಲ್ಲಿಯೇ 'ಇಂಥ ಕಟ್ಟಡಕ್ಕೆ, ಇಷ್ಟು ಹೊತ್ತಿನೊಳಗೆ, ಇವರೊಡನೆ ಬನ್ನಿ' ಎಂಬ ಮಾತೂ ಬಂದುದರಿಂದ ಉಳಿದರು. ಭಯಕ್ಕೆ ಹೋಗುವ ದಾರಿಯೊಂದು ಸಿಕ್ಕಿತು.

ಇಡೀ ಜಗತ್ತು ಸೇರಿ ಮಾಡಿದ ಕೆಲಸವೂ ಒಂದಿದೆ. ಶೀತಕಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆಂದು ಮೊಲಿನಾ ಮತ್ತು ರೋಲೆಂಡ್ ೧೯೭೪ರಲ್ಲಿ ಹೇಳಿದಾಗ ತಯಾರಕರು ಅಲ್ಲಿಯೂ 'ಇನ್ನೂ ಖಚಿತವಿಲ್ಲ' ಎಂದೇ ಹಾಡಿದರು. ೧೯೮೫ರಲ್ಲಿ ಅಂಟಾರ್ಕ್ಟಿಕದ ಮೇಲೆ ಪದರ ತೂತಾದುದು ಪ್ರಕಟವಾಯಿತು. ೧೯೮೭ರ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ಒಪ್ಪಂದ. ಮುಂದೆ ಲೋಕದ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ೨೦೨೩ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹಾಕಿದ ಅಂದಾಜಿನಂತೆ, ಇದೇ ನೀತಿ ಮುಂದುವರಿದರೆ ಜಗತ್ತಿನ ಹೆಚ್ಚಿನ ಭಾಗದಲ್ಲಿ ಪದರವು ೨೦೪೦ರ ಸುಮಾರಿಗೆ ೧೯೮೦ರ ಮಟ್ಟಕ್ಕೆ ಮರಳುತ್ತದೆ. ಅಂಟಾರ್ಕ್ಟಿಕದ ಮೇಲೆ ೨೦೬೬ರ ತನಕ ಕಾಯಬೇಕು.

ಇಂಗಾಲದ ಸಮಸ್ಯೆ ಇದಕ್ಕಿಂತ ಬಹಳ ದೊಡ್ಡದು. ಒಂದೆರಡು ಕಾರ್ಖಾನೆಗಳದಲ್ಲ, ಪ್ರತಿ ಒಲೆಯದು, ಪ್ರತಿ ಚಕ್ರದ್ದು. ಆದರೂ ಲೆಕ್ಕ ಅಲುಗಾಡಿದೆ. ೨೦೧೫ರ ಪ್ಯಾರಿಸ್ ಒಪ್ಪಂದದ ಕಾಲಕ್ಕೆ, ಈ ಶತಮಾನದ ಕೊನೆಗೆ ೪ ಡಿಗ್ರಿಯ ಹತ್ತಿರ ಏರುವುದೆಂದು ಅಂದಾಜಿತ್ತು. ಜಾರಿಯಲ್ಲಿರುವ ನೀತಿಗಳನ್ನು ಲೆಕ್ಕಹಾಕಿ ೨೦೨೫ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೊಟ್ಟ ಅಂಕಿ ೨.೮. ಅದೂ ತೀರ ಅಪಾಯದ ಅಂಕಿಯೇ. ೨೦೧೦ರಿಂದ ೨೦೧೯ರವರೆಗಿನ ಅವಧಿಯಲ್ಲಿ ಸೌರ ವಿದ್ಯುತ್ತಿನ ವೆಚ್ಚ ನೂರಕ್ಕೆ ೮೫ರಷ್ಟು ಇಳಿಯಿತು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ, ವರ್ಷ ಬಿಟ್ಟು ವರ್ಷ ಬರ ಕಂಡ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವಾಟಿನ ಸೌರ ಸ್ಥಾವರ ನಿಂತಿದೆ. ರೈತರಿಂದ ಜಮೀನನ್ನು ಕೊಂಡಿದ್ದಲ್ಲ, ಗುತ್ತಿಗೆಗೆ ಪಡೆದದ್ದು. ಜಮೀನಿದ್ದವರಿಗೆ ವರ್ಷವರ್ಷವೂ ಬಾಡಿಗೆ ಬಂತು, ಅದರಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿ ಹೋಯಿತು—ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನೇ ಹೇಳಿದರೆ ಅದೂ ಅರ್ಧ ಸುದ್ದಿ. ಹಾಗೆಯೇ, ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಭಾಗ ೨೦೨೫ರ ಮಧ್ಯಕ್ಕೆ ಕಲ್ಲಿದ್ದಲು ಎಣ್ಣೆಗಳಿಲ್ಲದ ಮೂಲಗಳದಾಯಿತೆಂದು ಸರ್ಕಾರ ಪ್ರಕಟಿಸಿದುದು ನಿಜ. ನಮ್ಮ ಮನೆಗಳಿಗೆ ನಿತ್ಯ ಬರುವ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದಲೇ ಎಂಬುದೂ ನಿಜ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ, ರಾತ್ರಿ ಸೂರ್ಯನಿರುವುದಿಲ್ಲವಲ್ಲ.

ಎರಡನೆಯ ಸಲ ಹಾಸನಕ್ಕೆ ಹೋದಾಗ ನಾನು ಉಪನ್ಯಾಸ ಮಾಡಲಿಲ್ಲ. ಆ ಹುಡುಗಿಗೆ ಒಡಿಶಾದ ಕಥೆಯನ್ನು ಹೇಳಿದೆ. ೧೯೯೯ರಲ್ಲಿ ಸತ್ತವರ ಸಂಖ್ಯೆಯನ್ನು ಬಚ್ಚಿಡಲಿಲ್ಲ. "ಉಳಿದಿರುತ್ತದೆಯೆ ಅಂತ ಕೇಳಿದೆಯಲ್ಲ? ಉಳಿದಿರುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ತಾರಸಿಯ ಮೇಲೆ ಸೋಲಾರ್ ಎಷ್ಟು ಹಿಡಿಸುತ್ತದೆ, ಮಾವ?" ಎಂದು ಕೇಳಿದಳು. ಒಂದು ಕಿಲೋವಾಟಿಗೆ ನೆರಳು ಬೀಳದ ನೂರು ಚದರಡಿ ಜಾಗ ಬೇಕು, ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಬರುತ್ತದೆ ಎಂದೆ. ಜ್ವಾಲಾಮುಖಿಯ ನಮ್ಮ ಭಾವನವರು ಏನೂ ಮಾತಾಡದೆ ಒಳಗಿನಿಂದ ಟೇಪು ತಂದರು. ಮೂವತ್ತು-ನಲವತ್ತರ ನಿವೇಶನ, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಅಕ್ಕನ ತುಳಸಿಕಟ್ಟೆ ಎಲ್ಲ ಕಳೆದು ಮೂರು ಕಿಲೋವಾಟಿಗೆ ಜಾಗವಿತ್ತು. ತಕರಾರು ಬಂದದ್ದು ಪಕ್ಕದ ಮನೆಯವರ ತೆಂಗಿನ ಮರದ್ದು. ಮಧ್ಯಾಹ್ನ ಮೂರರ ಮೇಲೆ ಅದರ ನೆರಳು ಎಲ್ಲಿಯವರೆಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿಡಲು ಹುಡುಗಿಗೆ ಹೇಳಿ ಬಂದಿದ್ದೇನೆ.